ಹನ್ನೊಂದು ನಿಮಿಷ ಮೊದಲೇ ಇಳಿಸಿದ ಪಾಕ

ಕಳೆದ ತಿಂಗಳು ಸಾಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ನನ್ನ ಕೆಲಸದ ಬಗ್ಗೆ ಮಾತಾಡಲು ಹೊರಟಿದ್ದೆ. ಆನಂದಪುರ ಇನ್ನೇನು ಬಂತು ಎನ್ನುವಾಗ ಬಸ್ಸಿನ ಹಿಂದಿನ ಚಕ್ರ ಪಂಕ್ಚರಾಯಿತು. ಕಂಡಕ್ಟರು ಎಲ್ಲರನ್ನೂ ಇಳಿಸಿದ. ನಾನು ಮೋರಿಯ ಕಟ್ಟೆಯ ಮೇಲೆ ಕೂತು, ಏನು ಹೇಳಬೇಕೆಂದು ಬರೆದುಕೊಂಡಿದ್ದ ಹಾಳೆಯ ಮೇಲೆ ಕಣ್ಣಾಡಿಸುತ್ತಿದ್ದೆ. ಆಗ ಗದ್ದೆಯ ಆಚೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಬಂತು. ಹಸಿ ಕಬ್ಬಿನದ್ದಲ್ಲ, ಬೆಲ್ಲದ್ದೂ ಅಲ್ಲ, ಎರಡರ ನಡುವಿನ, ಸ್ವಲ್ಪ ಹೊಗೆ ಬೆರೆತ ವಾಸನೆ. ಎಲ್ಲೋ ಆಲೆಮನೆ ನಡೆದಿತ್ತು. ನನಗೆ ಗೊತ್ತಿಲ್ಲದೆಯೇ ಬಲಗೈಯ ತೋರುಬೆರಳನ್ನು ಹೆಬ್ಬೆರಳಿನಿಂದ ಸವರಿಕೊಂಡೆ. ಅಲ್ಲಿ ಈಗ ಯಾವ ಗುರುತೂ ಇಲ್ಲ. ಹಾಳೆ ಮಡಚಿ ಚೀಲಕ್ಕೆ ಹಾಕಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ನಾನು ಕಳೆದದ್ದು ಒಂದೇ ಒಂದು ಚಳಿಗಾಲ. ಹುಟ್ಟಿ ಬೆಳೆದದ್ದು ತುಮಕೂರಿನ ಕಡೆ. ಕೆಲಸ ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ. ಮೆಡಿಕಲ್ ಫಿಸಿಸಿಸ್ಟ್ ಎಂದರೆ ಏನೆಂದು ನಮ್ಮ ನೆಂಟರಿಗೆ ಇವತ್ತಿಗೂ ಅರ್ಥವಾಗಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು ಮಂಡಿನೋವಿಗೆ ಒಂದೆರಡು ವ್ಯಾಯಾಮ ಹೇಳಿಕೊಡು ಎನ್ನುತ್ತಾರೆ. ಅದು ಫಿಸಿಯೋಥೆರಪಿ, ನನ್ನದು ಬೇರೆ ಎಂದರೆ, ಹಾಗಾದರೆ ನೀನು ಆಸ್ಪತ್ರೆಯಲ್ಲಿ ಮಾಡುವುದೇನು ಎಂದು ಕೇಳುತ್ತಾರೆ. ಅಳೆಯುತ್ತೇನೆ. ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಎಷ್ಟು, ಎಲ್ಲಿಗೆ, ಯಾವ ಕೋನದಿಂದ ಎಂಬುದನ್ನು ಲೆಕ್ಕ ಹಾಕುವುದು, ಯಂತ್ರ ಆ ಲೆಕ್ಕದಂತೆಯೇ ನಡೆಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ರೋಗಿಯ ಜೊತೆ ಮಾತು ಕಡಿಮೆ. ಆ ಕಾರಣಕ್ಕೇ ನಾನು ಈ ಕೆಲಸ ಆರಿಸಿಕೊಂಡದ್ದು ಎಂದರೂ ಸುಳ್ಳಲ್ಲ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಶಾಖ. ಕೆಲವು ಗಡ್ಡೆಗಳು ಬರಿಯ ವಿಕಿರಣಕ್ಕೆ ಜಗ್ಗುವುದಿಲ್ಲ. ಅಂಥವನ್ನು ವಾರಕ್ಕೊಮ್ಮೆ, ವಿಕಿರಣ ಕೊಟ್ಟ ಮೇಲೆ, ಸುಮಾರು ಒಂದು ಗಂಟೆ ಹೊತ್ತು ನಲವತ್ತೆರಡು, ನಲವತ್ತಮೂರು ಡಿಗ್ರಿಯಷ್ಟು ಬಿಸಿಯಲ್ಲಿ ಇಟ್ಟರೆ ವಿಕಿರಣ ಹೆಚ್ಚು ನಾಟುತ್ತದೆ. ಅದಕ್ಕಿಂತ ಕಡಿಮೆಯಾದರೆ ಪ್ರಯೋಜನವಿಲ್ಲ, ಒಂದೆರಡು ಡಿಗ್ರಿ ಹೆಚ್ಚಾದರೆ ಚರ್ಮ ಸುಡುತ್ತದೆ. ಹೇಳಲು ಇಷ್ಟೇ, ಮಾಡಲು ಮಾತ್ರ ಕಷ್ಟ. ಕೂದಲೆಳೆಯಷ್ಟು ತೆಳ್ಳಗಿನ ತಂತಿಗಳನ್ನು ಚರ್ಮದ ಮೇಲೆ ಮೂರು ನಾಲ್ಕು ಕಡೆ ಅಂಟಿಸಿ ಉಷ್ಣತೆ ನೋಡುತ್ತೇವೆ. ಆದರೆ ಒಂದು ತಂತಿಗೂ ಇನ್ನೊಂದಕ್ಕೂ ನಡುವೆ ಏನಾಗುತ್ತಿದೆ ಎಂದು ಯಾವ ತಂತಿಗೂ ಗೊತ್ತಾಗುವುದಿಲ್ಲ. ಅಲ್ಲಿ ಇರುವುದು ರೋಗಿಯ ಮಾತು ಮಾತ್ರ. ಆದ್ದರಿಂದ ಅವರ ಕೈಗೆ ಒಂದು ಕರೆಗಂಟೆಯ ಗುಂಡಿ ಕೊಟ್ಟು, ಎಲ್ಲಾದರೂ ಚುರುಕ್ ಅಂದರೆ ಒತ್ತಿ ಎಂದು ಹೇಳುತ್ತಿದ್ದೆ. ಗಂಟೆ ಬಾರಿಸಿದರೆ ಶಾಖ ಇಳಿಸುತ್ತಿದ್ದೆ, ಬಾರಿಸದಿದ್ದರೆ ಸರಿಯಾಗಿದೆ ಎಂದು ಬರೆದುಕೊಳ್ಳುತ್ತಿದ್ದೆ.

ಗಂಟೆಯನ್ನು ಒಮ್ಮೆಯೂ ಬಾರಿಸದಿದ್ದವರು ನಿಟ್ಟೂರಿನ ಕಡೆಯ ಮಂಜಪ್ಪ. ಅರವತ್ತರ ಹತ್ತಿರದ ವಯಸ್ಸು, ಸಣಕಲು ದೇಹ, ಕುತ್ತಿಗೆಯ ಎಡಗಡೆ ನಿಂಬೆಕಾಯಿ ಗಾತ್ರದ ಗಡ್ಡೆ. ಗಂಟಲಿನಲ್ಲಿ ಹುಟ್ಟಿದ ರೋಗ ಕುತ್ತಿಗೆಗೆ ಇಳಿದಿತ್ತು. ಬಂದು ಮಲಗುತ್ತಿದ್ದರು, ಗುಂಡಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಎದುರಿನ ಗೋಡೆಯ ಗಡಿಯಾರ ನೋಡುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ನಾನು ಕೇಳುತ್ತಿದ್ದೆ.

"ಬಿಸಿ ಆಗ್ತಿದೆಯಾ ಮಂಜಪ್ಪ?"

"ಇಲ್ಲ ಮೇಡಂ. ಆರಾಮಿದೀನಿ."

ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅವರ ಉಷ್ಣತೆಯ ಗೆರೆ ಏರಿ, ನಲವತ್ತಮೂರಕ್ಕೆ ಬಂದು, ಅಲ್ಲಿಂದ ಅಲುಗಾಡದೆ ನೆಟ್ಟಗೆ ಹೋಗುತ್ತಿತ್ತು. ಬೇರೆಯವರದು ಗಂಟೆ ಬಾರಿಸಿದಾಗಲೆಲ್ಲ ಬಿದ್ದು ಎದ್ದು ಹರುಕು ಮುರುಕಾಗುತ್ತಿತ್ತು. ಮಂಜಪ್ಪನವರ ಗೆರೆಯನ್ನು ನಾನು ಪ್ರಿಂಟ್ ತೆಗೆದು ನನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ನನ್ನ ಪ್ರಬಂಧದ ಮುಖ್ಯ ಮಾತು ಅದರ ಮೇಲೆಯೇ ನಿಂತಿತ್ತು: ರೋಗಿ ಸುಮ್ಮನಿದ್ದರೆ ಶಾಖವನ್ನು ಇನ್ನೂ ಸ್ವಲ್ಪ ಏರಿಸಬಹುದು. ಮುಂದಿನ ತಂಡದ ರೋಗಿಗಳಿಗೆ ಯುಗಾದಿ ಕಳೆದ ಮೇಲೆ ಹಾಗೆಯೇ ಮಾಡುವುದೆಂದು ತೀರ್ಮಾನವೂ ಆಗಿತ್ತು.

ಮಂಜಪ್ಪನವರ ಕೊನೆಯ ದಿನ ಒಂದು ತಂತಿ ಇದ್ದಕ್ಕಿದ್ದಂತೆ ನಲವತ್ನಾಲ್ಕು ದಾಟಿತು. ಅವರು ಗಂಟೆ ಒತ್ತಲಿಲ್ಲ. ತಂತಿಯೇ ತಪ್ಪು ಹೇಳುತ್ತಿರಬಹುದು ಎಂದುಕೊಂಡರೂ ಕಾಯಲು ಧೈರ್ಯವಾಗಲಿಲ್ಲ. ಯಂತ್ರ ನಿಲ್ಲಿಸಿದೆ. ಆಗಬೇಕಾಗಿದ್ದದ್ದಕ್ಕಿಂತ ಹನ್ನೊಂದು ನಿಮಿಷ ಮೊದಲು. ಅವರು ಎದ್ದು ಕೂತು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡರು. "ಬರ್ತೀನಿ ಮೇಡಂ" ಎಂದರು. ಅದು ಅಕ್ಟೋಬರ್. ಡಿಸೆಂಬರಿನಲ್ಲಿ ತಪಾಸಣೆಗೆ ಬರಬೇಕಿತ್ತು. ಬರಲಿಲ್ಲ. ಕೊಟ್ಟಿದ್ದ ಫೋನಿಗೆ ಕರೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಧ್ವನಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ನಮ್ಮ ಅಧ್ಯಯನದ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಮೇಡಂ ನನ್ನನ್ನು ಕರೆದು ಏಳು ಹೆಸರುಗಳ ಪಟ್ಟಿ ಕೊಟ್ಟರು. ಏಳೂ ಜನ ಘಟ್ಟದ ಮೇಲಿನವರು, ಏಳೂ ಜನ ತಪಾಸಣೆಗೆ ಬಾರದವರು. "ಪತ್ರ ಬರೆದಾಯ್ತು, ಫೋನ್ ಮಾಡಾಯ್ತು. ಇನ್ನು ನೀವೇ ಹೋಗಿ ನೋಡ್ಕೊಂಡು ಬನ್ನಿ. ಮಂಜಪ್ಪಂದು ಬೇಗ ಬೇಕು. ಗಡ್ಡೆ ಸ್ವಲ್ಪ ಉಳಿದಿದ್ರೂ ಈಗಾದ್ರೆ ಆಪರೇಷನ್ ಮಾಡಬಹುದು. ಬೇಸಿಗೆ ಕಳೆದ ಮೇಲೆ ಬಂದ್ರೆ ನಾನು ಏನೂ ಮಾಡೋಕಾಗಲ್ಲ" ಎಂದರು. ಲೆಕ್ಕ ಹಾಕುವವಳನ್ನು ಯಾಕೆ ಕಳಿಸುತ್ತೀರಿ ಎಂದು ಕೇಳಿದೆ. ಲೆಕ್ಕ ನಿಮ್ಮದೇ ಅಲ್ಲವೇ ಎಂದರು.

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದೆ. ಅಲ್ಲಿಂದ ಒಂದು ದಿನ ಸಾಗರದ ಬಸ್ಸು, ಇನ್ನೊಂದು ದಿನ ತೀರ್ಥಹಳ್ಳಿಯ ಬಸ್ಸು. ಜನವರಿ ತಿಂಗಳು. ಬೆಳಿಗ್ಗೆ ಒಂಬತ್ತರವರೆಗೆ ಮಂಜು. ಬಸ್ಸಿನ ಕಿಟಕಿಗಳು ಬೆವರಿರುತ್ತಿದ್ದವು, ಡ್ರೈವರು ಮಫ್ಲರ್ ಸುತ್ತಿಕೊಂಡು ಅಂದಾಜಿನ ಮೇಲೆ ಓಡಿಸುತ್ತಿದ್ದ. ಹನ್ನೊಂದಕ್ಕೆ ಬಿಸಿಲು ಒಮ್ಮೆಲೇ ಸುರಿಯುತ್ತಿತ್ತು. ನಮ್ಮ ಬಯಲುಸೀಮೆಯಲ್ಲಿ ವಿಳಾಸವೆಂದರೆ ಬೀದಿ ಮತ್ತು ಮನೆ. ಇಲ್ಲಿ ಅದು ಗುಡ್ಡ, ಹಳ್ಳ ಮತ್ತು ಯಾರಾದರೂ ಹಿಂದಿದ್ದವರ ಹೆಸರು. ಸಂಕದ ಆಚೆ ಎಂದವರು, ಹಳ್ಳಕ್ಕೆ ಅಡ್ಡ ಹಾಕಿದ ಆ ಸಂಕ ಎಂದರೆ ಎರಡು ಅಡಿಕೆ ಮರದ ದಬ್ಬೆ ಅಷ್ಟೇ ಎಂದು ಹೇಳುತ್ತಿರಲಿಲ್ಲ. ನಾನು ಅದರ ಮೇಲೆ ಕೂತುಕೊಂಡೇ ಸರಿಯುತ್ತಾ ದಾಟಿದ್ದನ್ನು ಆಚೆ ದಡದ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ನೋಡಿದರು, ನಗಲಿಲ್ಲ. ನಾನು ಹೋದ ಮೇಲೆ ನಕ್ಕಿರಬೇಕು.

ಪಟ್ಟಿಯ ಮೊದಲ ಎರಡು ಹೆಸರು ಸಾಗರದ ಕಡೆಯವು. ಒಂದು ಮನೆಯಲ್ಲಿ ಫೋಟೋಕ್ಕೆ ಹಾರ ಹಾಕಿದ್ದರು. ಹಾರ ಬಾಡಿತ್ತು. ಆ ಮನೆಯವರು ನನಗೆ ಕಾಫಿ ಕೊಟ್ಟು, ನಮಗಾಗಿ ಇಷ್ಟು ದೂರ ಬಂದ್ರಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು. ದಿನಾಂಕ ಕೇಳಿ ಬರೆದುಕೊಂಡೆ. ಇನ್ನೊಬ್ಬರು ಆರಾಮಾಗಿದ್ದರು, ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಆಸ್ಪತ್ರೆ ಮರೆತಿದ್ದರು. ಹೀಗೆ ಒಂದೊಂದೇ ಹೆಸರಿನ ಮುಂದೆ ಗುರುತು ಬೀಳುತ್ತಾ ಬಂತು. ದುಃಖವಾಯಿತೇ ಎಂದರೆ, ಅಷ್ಟೇನೂ ಇಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಆ ನೆಟ್ಟನೆಯ ಗೆರೆ.

ನಿಟ್ಟೂರಿನಲ್ಲಿ ಬಸ್ಸಿಳಿದು ಮಂಜಪ್ಪ ಎಂದಾಗ ಅಂಗಡಿಯವನು ಯಾವ ಮಂಜಪ್ಪ ಎಂದು ಕೇಳಿದ. ಕುತ್ತಿಗೆಯ ಗಡ್ಡೆಯ ವಿಷಯ ಹೇಳಿದೆ. "ಓ, ಪಾಕದ ಮಂಜಪ್ಪನಾ? ಈಗ ಮನೇಲಿ ಸಿಗಲ್ಲ. ಆಲೆಮನೇಲಿ ಇರ್ತಾರೆ. ಆ ವಾಸನೆ ಹಿಡ್ಕೊಂಡು ಹೋಗಿ" ಎಂದ. ಅವರ ಕಸುಬು ಏನೆಂದು ನಮ್ಮ ಫೈಲಿನಲ್ಲಿ ಇರಲಿಲ್ಲ. ರೈತ ಎಂದು ಒಂದೇ ಮಾತು ಇತ್ತು. ವಾಸನೆ ಹಿಡಿದುಕೊಂಡೇ ಹೋದೆ.

ಕೊಯ್ಲು ಮುಗಿದ ಗದ್ದೆಯಲ್ಲಿ ಸೋಗೆಯ ಚಪ್ಪರ ಹಾಕಿದ್ದರು. ಒಂದು ಕಡೆ ಡೀಸೆಲ್ ಎಂಜಿನ್ನಿನ ಗಾಣ, ಇನ್ನೊಂದು ಕಡೆ ನೆಲದಲ್ಲಿ ತೋಡಿದ ಒಲೆ, ಒಲೆಯ ಮೇಲೆ ಒಬ್ಬ ಮನುಷ್ಯ ಮಲಗಬಹುದಾದಷ್ಟು ಅಗಲದ ಕೊಪ್ಪರಿಗೆ. ಅದರ ಪಕ್ಕದಲ್ಲಿ ಮಂಜಪ್ಪ ನಿಂತಿದ್ದರು. ಕುತ್ತಿಗೆಗೆ ಅದೇ ಟವೆಲ್. ಬದುಕಿದ್ದಾರೆ ಎಂದು ಕಂಡಾಗ ನನಗೆ ನಿಜವಾಗಿ ಸಂತೋಷವಾಯಿತು, ಅದನ್ನು ಹೇಳಿಬಿಡುತ್ತೇನೆ.

"ಮೇಡಂ ಬಂದ್ರಾ? ಕೂತ್ಕಳಿ. ರೇಣುಕಾ, ಹಾಲು ಕೊಡೇ ಇವರಿಗೆ" ಎಂದರು. ಮೂರು ತಿಂಗಳ ನಂತರ ಘಟ್ಟ ಹತ್ತಿ ಬಂದವಳನ್ನು ಪಕ್ಕದ ಮನೆಯವಳು ಬಂದಳು ಎಂಬಂತೆ ನೋಡಿದರು.

ರೇಣುಕಾ ಅವರ ಮಗಳು, ಇಪ್ಪತ್ತೈದರ ಆಸುಪಾಸು, ಊರಿನ ಹಾಲಿನ ಡೈರಿಯಲ್ಲಿ ಕೆಲಸ. ದೊಡ್ಡ ಲೋಟದಲ್ಲಿ ಕಬ್ಬಿನ ಹಾಲು ತಂದಳು. ಜೊತೆಗೆ ಖಾರದ ಮಂಡಕ್ಕಿ. ಆಲೆಮನೆಗೆ ಬಂದವರು ಹಾಲು ಕುಡಿಯದೆ ಹೋಗುವಂತಿಲ್ಲ, ಒಂದು ಲೋಟಕ್ಕೆ ನಿಲ್ಲಿಸುವಂತೆಯೂ ಇಲ್ಲ ಎಂಬುದು ನನಗೆ ಎರಡನೇ ಲೋಟ ಬಂದಾಗ ತಿಳಿಯಿತು. ನಾನು ಡಾಕ್ಟರ್ ಮೇಡಂ ಪತ್ರ ತೆಗೆದು ಮಂಜಪ್ಪನವರಿಗೆ ಕೊಟ್ಟೆ. ಕೈ ಬೆಲ್ಲ ಆಗಿದೆ ಎಂದು ಅವರು ಮುಟ್ಟಲಿಲ್ಲ. ನಾನೇ ಓದಿ ಹೇಳಿದೆ.

"ಆಲೆಮನೆ ಮುಗೀಲಿ, ನೋಡಣ" ಎಂದರು.

"ನೋಡೋಣ ಅಲ್ಲ ಮಂಜಪ್ಪ, ಬರಲೇಬೇಕು. ತಡ ಆದ್ರೆ ಆಪರೇಷನ್ನೂ ಆಗಲ್ಲ."

"ಹೌದಾ" ಎಂದು ನೊರೆ ತೆಗೆಯುವ ಜಾಲರಿ ಕೈಗೆತ್ತಿಕೊಂಡರು. ಅವರು ಬರುವುದಿಲ್ಲ ಎಂಬುದು ನನಗೆ ಅಲ್ಲಿಯೇ ಗೊತ್ತಾಯಿತು.

ಕುದಿಯುವ ರಸ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಮಂಜಪ್ಪ ಮಾತು ನಿಲ್ಲಿಸಿದರು. ಕುದಿಯ ಸದ್ದು ಬದಲಾಗಿತ್ತು, ಗುಳ್ಳೆಗಳು ದೊಡ್ಡವಾಗಿ ನಿಧಾನಕ್ಕೆ ಒಡೆಯುತ್ತಿದ್ದವು. ಬೆರಳುಗಳನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿ, ಸೌಟಿನಲ್ಲಿ ಎತ್ತಿದ ಪಾಕವನ್ನು ಬರಿಗೈಯಿಂದ ಮುಟ್ಟಿ, ಮತ್ತೆ ನೀರಿನಲ್ಲಿ ಅದ್ದಿ ಎರಡು ಬೆರಳಿನ ನಡುವೆ ಉರುಟಿ ನೋಡಿದರು. ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿದರು. ಆ ಪಾಕ ನೂರು ಡಿಗ್ರಿಗಿಂತ ಮೇಲಿರುತ್ತದೆ. ನಾನು ಈ ಮನುಷ್ಯನಿಗೆ ನಲವತ್ತಮೂರು ಡಿಗ್ರಿ ಕೊಟ್ಟು ಬಿಸಿ ಆಗ್ತಿದೆಯಾ ಎಂದು ಕೇಳುತ್ತಿದ್ದೆ.

"ನೀವೂ ನೋಡಿ" ಎಂದು ಸೌಟು ನನ್ನ ಕಡೆ ಹಿಡಿದರು. "ಹೆದರ್ಬೇಡಿ. ಕೈ ಒದ್ದೆ ಇರ್ಬೇಕು, ತಡ ಮಾಡ್ಬಾರ್ದು, ಅಷ್ಟೇಯ."

ಗಾಣಕ್ಕೆ ಕಬ್ಬು ಕೊಡುತ್ತಿದ್ದವರು, ಸಿಪ್ಪೆ ಒಣಗಿಸುತ್ತಿದ್ದವರು ಎಲ್ಲ ನೋಡುತ್ತಿದ್ದರು. ನಾನು ಬೆರಳು ಒದ್ದೆ ಮಾಡಿ ಪಾಕ ಮುಟ್ಟಿದೆ. ತಡ ಮಾಡಿದೆ. ಎಷ್ಟು ಹೊತ್ತು ಇಡಬೇಕೆಂದು ನನಗೆ ತಿಳಿಯಲಿಲ್ಲ, ಬೇಗ ತೆಗೆದರೆ ಹೆದರಿದಳು ಎಂದುಕೊಂಡಾರು ಅನ್ನಿಸಿತ್ತು. ಬೆರಳ ತುದಿ ಉರಿದು ಉರಿ ಮೊಣಕೈವರೆಗೆ ಹೋಯಿತು. ನೀರಿನಲ್ಲಿ ಅದ್ದಿ, ಮುಖ ಸರಿಮಾಡಿಕೊಂಡೆ.

"ಬಿಸಿ ಆಯ್ತಾ ಮೇಡಂ?" ಎಂದು ಮಂಜಪ್ಪ ಕೇಳಿದರು.

"ಇಲ್ಲ" ಎಂದೆ.

ಸಂಜೆ ಬಸ್ಸಿಗೆ ರೇಣುಕಾ ನನ್ನನ್ನು ಬಿಡಲು ಬಂದಳು. ದಾರಿಯಲ್ಲಿ ಹೇಳಿದಳು: "ಅಪ್ಪಯ್ಯ ಈ ವರ್ಷ ನಂಗೆ ಪಾಕ ನೋಡೋಕೆ ಹೇಳ್ಕೊಡ್ತಿದಾರೆ. ಮೊದ್ಲೆಲ್ಲ ಒಲೆ ಹತ್ರ ಬಂದ್ರೆ ಬೈತಿದ್ರು. ಎಂತಕ್ಕೆ ಹೇಳ್ಕೊಡ್ತಿದಾರೆ ಅಂತ ನಂಗೆ ಗೊತ್ತಾಗ್ತದೆ. ಕೇಳೋಕೆ ಧೈರ್ಯ ಇಲ್ಲ." ಆಸ್ಪತ್ರೆಯಿಂದ ಬಂದ ದಿನವೇ ಅವರು ತನ್ನದು ಮುಗಿಯಿತು ಎಂದುಕೊಂಡಿದ್ದಾರೆ, ಯಾಕೆಂದು ಬಾಯಿ ಬಿಡುವುದಿಲ್ಲ ಎಂದಳು. ನಾಲಗೆಯ ರುಚಿ ಹೋದದ್ದು ಒಂದು ಕಾರಣವಿರಬಹುದು, ಬೆಲ್ಲ ಬಾಯಿಗಿಟ್ಟರೂ ಮಣ್ಣಿನಂತೆ ಎನ್ನುತ್ತಾರೆ, ಸಿಹಿ ಸಾಕಾ ಎಂದು ಈಗ ತನ್ನನ್ನೇ ಕೇಳುತ್ತಾರೆ ಎಂದಳು. ರುಚಿ ಹೋಗುವುದು ವಿಕಿರಣದಿಂದ, ಕೆಲವರಿಗೆ ನಿಧಾನವಾಗಿ ಮರಳುತ್ತದೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ.

ಮರುದಿನ ತೀರ್ಥಹಳ್ಳಿ ದಾಟಿ ಮೇಳಿಗೆಗೆ ಹೋಗುವುದಿತ್ತು. ಅಷ್ಟರಲ್ಲಿ ಬೆರಳ ತುದಿಯಲ್ಲಿ ತೊಗರಿ ಕಾಳಿನಷ್ಟು ದೊಡ್ಡ ಬೊಕ್ಕೆ ಎದ್ದಿತ್ತು. ಮೇಳಿಗೆಯ ಕಮಲಮ್ಮ ನಿವೃತ್ತ ಅಂಗನವಾಡಿ ಶಿಕ್ಷಕಿ. ಎದೆಯ ಭಾಗಕ್ಕೆ ಶಾಖ ತೆಗೆದುಕೊಂಡವರು. ಗಂಟೆಯನ್ನು ಐದು ನಿಮಿಷಕ್ಕೊಮ್ಮೆ ಬಾರಿಸಿ ನನ್ನ ಗೆರೆಯನ್ನೆಲ್ಲ ಹಾಳು ಮಾಡಿದ್ದರು. ನಾವು ನಮ್ಮೊಳಗೆ ಅವರಿಗೆ ಇಟ್ಟಿದ್ದ ಹೆಸರೇ ಗಂಟೆ ಕಮಲಮ್ಮ. ಮಗನ ಊರೆಂದು ಶಿವಮೊಗ್ಗದಲ್ಲೇ ತಪಾಸಣೆ ಮಾಡಿಸಿಕೊಳ್ಳುತ್ತಿದ್ದರು, ಚೆನ್ನಾಗಿದ್ದರು, ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಟ್ಟಿದ್ದರು. ನಾನು ಬರೆದುಕೊಳ್ಳುವಾಗ ನನ್ನ ಬೆರಳು ನೋಡಿದರು.

"ಎಂತ ಆಯ್ತು ಕೈಗೆ?"

"ಬೆಲ್ಲದ ಪಾಕ ಮುಟ್ಟಿದೆ."

"ಬಿಸಿ ಅಂತ ಹೇಳ್ಬಾರ್ದಿತ್ತಾ?"

"ಅವರು ಕೇಳಿದ್ರು. ಇಲ್ಲ ಅಂದೆ. ಎಲ್ಲರೂ ನೋಡ್ತಿದ್ರು, ನಾಚಿಕೆ ಆಯ್ತು."

ಕಮಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಂಗೆ ನಾಚಿಕೊಳ್ಳೋರಿಗೇ ಅಲ್ವಾ ನೀವು ಗಂಟೆ ಕೊಡೋದು" ಎಂದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಹೊಸನಗರದ ಬಸ್ಸಿನಲ್ಲಿ ಕೂತು ಆ ಪ್ರಿಂಟನ್ನು ಚೀಲದಿಂದ ತೆಗೆದು ನೋಡಿದೆ. ಅದೇ ಗೆರೆ, ಅದೇ ನೆಟ್ಟಗೆ. ಕೆಳಗೆ ನನ್ನದೇ ಕೈಬರಹದಲ್ಲಿ 'ದೂರು: ಇಲ್ಲ' ಎಂದಿತ್ತು. ನಾನು ಕೇಳಿದ್ದು, ಅವರು ಇಲ್ಲ ಎಂದದ್ದು, ನಾನು ಬರೆದದ್ದು ಎಲ್ಲವೂ ನಿಜ. ಆದರೂ ನಿನ್ನೆ ನನ್ನ ಬಾಯಿಂದಲೂ ಬಂದದ್ದು ಅದೇ ಮಾತು. ಯಾವತ್ತೂ ಗಂಟೆ ಒತ್ತದ ಮನುಷ್ಯನಿಗೆ ನಿಜವಾಗಿ ಏನಾಗಿತ್ತು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ ಎನ್ನಿಸಿ ಹೆದರಿಕೆಯಾಯಿತು. ಯುಗಾದಿಯ ನಂತರ ಆ ಮೇಜಿನ ಮೇಲೆ ಮಲಗಲಿರುವವರೂ ಇಂಥ ಊರುಗಳಿಂದಲೇ ಬರುವವರು. ಹೊಸನಗರದಲ್ಲಿ ಇಳಿದು, ಮಾರನೆಯ ದಿನ ಬೆಳಿಗ್ಗೆ ನಿಟ್ಟೂರಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿಕೊಂಡೇ ರೂಮಿಗೆ ಹೋದೆ.

ಆಲೆಮನೆ ಮುಟ್ಟಿದಾಗ ಮಂಜು ಇನ್ನೂ ಇತ್ತು. ಒಲೆಗೆ ಆಗಷ್ಟೇ ಬೆಂಕಿ ಹಾಕಿದ್ದರು. ಚಪ್ಪರದಲ್ಲಿ ಅಪ್ಪ ಮಗಳು ಇಬ್ಬರೇ ಇದ್ದರು. ನಾನು ಏನೂ ಪೀಠಿಕೆ ಹಾಕದೆ ಬೆರಳು ತೋರಿಸಿದೆ.

"ಮೊನ್ನೆ ನಾನು ಸುಳ್ಳು ಹೇಳಿದೆ ಮಂಜಪ್ಪ. ತುಂಬಾ ಬಿಸಿ ಆಗಿತ್ತು."

ಮಂಜಪ್ಪ ನನ್ನ ಬೆರಳನ್ನು ಹತ್ತಿರ ಹಿಡಿದು ನೋಡಿದರು. ಮುಖದ ತುಂಬ ನಗು ಹರಡಿತು. "ನಂಗೆ ಆಗ್ಲೇ ಗೊತ್ತಾಯ್ತು. ಕಣ್ಣಲ್ಲಿ ನೀರು ಬಂದಿತ್ತಲ್ಲ. ದೊಡ್ಡೋರು ಬಿಸಿ ಇಲ್ಲ ಅಂತಾರೆ, ನಾವೆಂತಕ್ಕೆ ಬಿಸಿ ಅನ್ನೋದು ಅಂತ ಸುಮ್ಮನಾದೆ."

"ಈಗ ನೀವು ಹೇಳಿ. ಆಸ್ಪತ್ರೇಲಿ ಬಿಸಿ ಆಗ್ತಿತ್ತಾ?"

ಅವರು ಒಲೆಗೆ ಒಂದಿಷ್ಟು ಸಿಪ್ಪೆ ಹಾಕಿದರು. ಆಮೇಲೆ ಟವೆಲ್ ತೆಗೆದರು. ಕುತ್ತಿಗೆಯ ಚರ್ಮ ವಿಕಿರಣದಿಂದ ಕಪ್ಪಾಗಿತ್ತು. ಅದು ನಮಗೆ ಗೊತ್ತಿದ್ದದ್ದೇ. ಅದರ ನಡುವೆ, ಕಿವಿಯ ಕೆಳಗೆ, ಎಂಟಾಣೆ ಅಗಲದ ನಯವಾದ ಬಿಳಿ ಗಾಯದ ಕಲೆ ಇತ್ತು. ತಂತಿಗಳನ್ನು ನಾನು ಎಲ್ಲೆಲ್ಲಿ ಅಂಟಿಸಿದ್ದೆ ಎಂದು ನೆನಪಿತ್ತು. ಆ ಕಲೆ ಇದ್ದದ್ದು ಎರಡು ತಂತಿಗಳ ಸರಿಯಾಗಿ ನಡುವೆ.

"ಕೊನೇ ದಿನ ಬೊಕ್ಕೆ ಎದ್ದಿದ್ದು. ತೆಂಗಿನೆಣ್ಣೆ ಹಚ್ಚಿದೆ, ಮಾಯ್ತು."

"ಯಾಕೆ ಗಂಟೆ ಒತ್ತಲಿಲ್ಲ ನೀವು?" ಎಂದೆ. ನನ್ನ ದನಿ ಏರಿತ್ತು.

"ಒತ್ತಿದ್ರೆ ನೀವು ಇಳಿಸ್ತಿದ್ರಿ. ಅವತ್ತು ಒತ್ತದೇ ಇದ್ರೂ ಇಳಿಸಿದ್ರಲ್ಲ" ಎಂದರು. ಆಮೇಲೆ, ಮೂರು ತಿಂಗಳಿಂದ ಮಗಳಿಗೂ ಹೇಳದಿದ್ದದ್ದನ್ನು ಹೇಳಿದರು. "ಪ್ರತಿ ಸಲನೂ ದೊಡ್ಡ ಮುಳ್ಳು ಒಂದು ಸುತ್ತು ಬರೋವರೆಗೆ ಇಡ್ತಿದ್ರಿ. ಅವತ್ತು ಹನ್ನೊಂದು ನಿಮಿಷ ಮೊದ್ಲೇ ತೆಗೆದ್ರಿ. ನಾನು ಸಣ್ಣವನಿಂದ ಕೊಪ್ಪರಿಗೆ ಹತ್ರ ನಿಂತವ. ಪಾಕ ಬರೋ ಮುಂಚೆ ಇಳಿಸಿದ್ರೆ ಅದು ಬೆಲ್ಲನೂ ಅಲ್ಲ, ಹಾಲೂ ಅಲ್ಲ. ಮತ್ತೆ ಒಲೆ ಮೇಲೆ ಇಟ್ರೆ ತಳ ಹಿಡೀತದೆ. ನಂದು ಅಷ್ಟೇಯ, ಇಷ್ಟು ದಿನ ಬೇಯಿಸಿದ್ದು ಅವತ್ತು ಕೆಟ್ಟೋಯ್ತು ಅಂದ್ಕೊಂಡೆ. ಹಂಗಂತ ನಿಮ್ಮನ್ನ ಬೈಯ್ಯೋಕಾಗ್ತದಾ? ನೀವು ಸಣ್ಣೋರು. ಮತ್ತೆ ಅಲ್ಲಿಗೆ ಬಂದು ಎಂತ ಮಾಡದು?"

 ನಿಮಿಷಗಳ ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ, ಹನ್ನೊಂದೇ. ಅದೊಂದು ದಿನದ ಶಾಖ ಸ್ವಲ್ಪ ಕಡಿಮೆಯಾದರೆ ಆರೇಳು ವಾರದ ವಿಕಿರಣ ಕೆಡುವುದಿಲ್ಲ, ಸುಡಬಾರದೆಂದು ನಿಲ್ಲಿಸಿದ್ದು ಎಂದು ವಿವರಿಸಿದೆ. ವಿವರಣೆ ಸರಿಯಾಗಿತ್ತು, ಅವರು ಮರ್ಯಾದೆಯಿಂದ ಕೇಳಿಸಿಕೊಂಡರು, ಒಂದಕ್ಷರವೂ ಅವರೊಳಗೆ ಇಳಿಯಲಿಲ್ಲ. ಗಡ್ಡೆ ಹೋಗಿದೆಯಾ ಎಂದು ರೇಣುಕಾ ಕೇಳಿದಳು. ನಾನು ಡಾಕ್ಟರ್ ಅಲ್ಲ, ಕೈಯಿಟ್ಟು ಹೇಳಲು ನನಗೆ ಬರುವುದಿಲ್ಲ, ಸ್ಕ್ಯಾನ್ ಆಗಬೇಕು ಎಂದೆ.

ರೇಣುಕಾ ಅಪ್ಪನ ಕಡೆ ತಿರುಗಿದಳು. "ಅಪ್ಪಯ್ಯ, ಜೋನಿ ಬೆಲ್ಲಕ್ಕೆ ಎಷ್ಟೊತ್ತಿಗೆ ಇಳಿಸ್ತೀಯ?"

"ಜೋನಿಗೆ ಬೇಗ. ಸುರಿಯೋ ಹಂಗೆ ನೀರಾಗಿರ್ಬೇಕಲ್ಲ, ಎಳೆ ಬಂದ ಕೂಡ್ಲೇಯ."

"ಅಚ್ಚಿನ ಬೆಲ್ಲಕ್ಕೆ?"

"ಅದಕ್ಕೆ ಇನ್ನೂ ಗಟ್ಟಿ ಆಗ್ಬೇಕು."

"ಮತ್ತೆ? ಅಚ್ಚು ಹೊಯ್ಯೋನು ಬಂದು ನೋಡಿದ್ರೆ ನಿನ್ನ ಜೋನಿನೂ ಕೆಟ್ಟಿದೆ ಅಂತಾನೆ. ಇವರು ನಿಂಗೆ ಮಾಡೋಕೆ ಹೊರಟಿದ್ದು ಜೋನಿಯಾ, ಅಚ್ಚಾ ಅಂತ ನೀನು ಕೇಳಿದ್ಯಾ?"

ಮಂಜಪ್ಪ ಕೊಪ್ಪರಿಗೆಯನ್ನೇ ನೋಡುತ್ತಾ ನಿಂತರು. ಒಲೆಗೆ ಸಿಪ್ಪೆ ಹಾಕುವುದನ್ನೂ ಮರೆತರು. ರೇಣುಕಾ ಹೋಗಿ ಹಾಕಿದಳು. "ಕೇಳ್ಲಿಲ್ಲ" ಎಂದರು ಮಂಜಪ್ಪ. ಇನ್ನು ಹತ್ತು ಕೊಪ್ಪರಿಗೆಯ ಕಬ್ಬು ಉಳಿದಿತ್ತು. ಅದು ಮುಗಿದ ಮರುದಿನ ಬರುತ್ತೇನೆ ಎಂದರು. ಮುಗಿಯುವ ಮೊದಲೇ ಬನ್ನಿ ಎಂದೆ. "ನಂಗೆ ಮೂರು ಕೊಪ್ಪರಿಗೆ ಸಾಕು, ಆಮೇಲೆ ಕೈ ಕೂರ್ತದೆ. ಉಳಿದಿದ್ದು ವಾಪಸ್ ಬಂದು ನಾನೇ ಇಳಿಸ್ತೀನಿ" ಎಂದು ರೇಣುಕಾ ಹೇಳಿದಳು. ಮೂರು ಕೊಪ್ಪರಿಗೆಯ ಮೇಲೆ ಒಪ್ಪಂದವಾಯಿತು. ನನ್ನ ಬೆರಳಿಗೆ ಹಚ್ಚಲು ಮಂಜಪ್ಪ ತೆಂಗಿನೆಣ್ಣೆ ತಂದುಕೊಟ್ಟರು.

ಆ ವಾರದ ಕೊನೆಯಲ್ಲಿ ಅಪ್ಪ ಮಗಳು ಕೊಲ್ಲೂರಿನ ಮಾರ್ಗವಾಗಿ ಬಸ್ಸಿನಲ್ಲಿ ಘಟ್ಟ ಇಳಿದು ಬಂದರು. ಕೈಯಲ್ಲಿ ಒಂದು ಡಬ್ಬಿ ಜೋನಿ ಬೆಲ್ಲ. ಪಾಕ ನೋಡಿದ್ದು ರೇಣುಕಾ ಎಂದು ಮಂಜಪ್ಪ ಬಾಗಿಲಲ್ಲೇ ಹೇಳಿದರು. ಡಾಕ್ಟರ್ ಮೇಡಂ ಕುತ್ತಿಗೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಸ್ಕ್ಯಾನ್ ಆಯಿತು. ಮಾರನೆಯ ದಿನ ರಿಪೋರ್ಟ್ ಬರುವವರೆಗೆ ಇಬ್ಬರೂ ಧರ್ಮಛತ್ರದಲ್ಲಿ ಉಳಿದರು. ನಾನು ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಯಾವ ರೋಗಿಗಾಗಿಯೂ ಅಲ್ಲಿಯವರೆಗೆ ನಾನು ನಿದ್ದೆ ಕೆಡಿಸಿಕೊಂಡದ್ದಿರಲಿಲ್ಲ.

ರಿಪೋರ್ಟಿಗೆ ಕಾಯುತ್ತಾ ಪ್ರಬಂಧದ ಆ ಅಧ್ಯಾಯವನ್ನು ತೆಗೆದೆ. ಶಾಖ ಏರಿಸಬಹುದು ಎಂಬ ಮಾತನ್ನು ಹೊಡೆದುಹಾಕಿದೆ. 'ದೂರು: ಇಲ್ಲ' ಎಂದಿದ್ದಲ್ಲಿ 'ದೂರು ಹೇಳಲಿಲ್ಲ, ಸುಟ್ಟಿತ್ತು' ಎಂದು ಬರೆದೆ. ಎರಡು ತಂತಿಗಳ ನಡುವೆ ಇನ್ನೊಂದು ಸೇರಿಸಬೇಕೆಂದು ಬರೆದೆ. ಪ್ರಬಂಧ ಒಂದು ವರ್ಷ ತಡವಾಯಿತು. ಡಾಕ್ಟರ್ ಮೇಡಂ ಏನೂ ಅನ್ನಲಿಲ್ಲ. ಯುಗಾದಿಯ ನಂತರ ಬಂದ ತಂಡಕ್ಕೆ ಹಳೆಯ ಲೆಕ್ಕದಂತೆಯೇ ಶಾಖ ಕೊಟ್ಟೆವು. ಆಗಿನಿಂದ ನಾನು ಬಿಸಿ ಆಗ್ತಿದೆಯಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲಿ ಹೆಚ್ಚು ಬಿಸಿ ಇದೆ, ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ತೋರಿಸುತ್ತಾರೆ.

ರಿಪೋರ್ಟ್ ಬಂದ ಆ ಮಧ್ಯಾಹ್ನ ಡಾಕ್ಟರ್ ಮೇಡಂ ಎಲ್ಲರನ್ನೂ ಒಳಗೆ ಕರೆದರು. ಕುತ್ತಿಗೆಯಲ್ಲಿ ಗಡ್ಡೆ ಇಲ್ಲ, ಗಂಟಲಿನಲ್ಲೂ ಸದ್ಯಕ್ಕೆ ಏನೂ ಕಾಣುವುದಿಲ್ಲ, ಆಪರೇಷನ್ ಬೇಡ, ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು ಎಂದರು. ರೇಣುಕಾ ಅಳಲು ಶುರುಮಾಡಿದಳು. ಮಂಜಪ್ಪ ಟವೆಲ್ಲಿನ ತುದಿ ಹಿಡಿದುಕೊಂಡು ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ಹಂಗಾರೆ ಅವತ್ತು ಸರಿಯಾಗೇ ಇಳಿಸಿದ್ರಿ."

ಹೌದು ಎಂದುಬಿಡಬಹುದಿತ್ತು. ಆದರೆ ಒಮ್ಮೆ ಅವರ ಮುಂದೆ ಸುಳ್ಳು ಹೇಳಿ ಆಗಿತ್ತು.

"ಸರಿ ತಪ್ಪು ನನಗೆ ಗೊತ್ತಿರಲಿಲ್ಲ ಮಂಜಪ್ಪ. ಹೆದರಿಕೆ ಆಯ್ತು, ಇಳಿಸಿದೆ."

ಮಂಜಪ್ಪ ಒಂದು ಕ್ಷಣ ನನ್ನನ್ನು ನೋಡಿದರು. ಮಗಳನ್ನೂ ನೋಡಿದರು, ಅವಳೂ ಕೇಳಿಸಿಕೊಳ್ಳಲಿ ಎಂಬಂತೆ.

"ಮತ್ತೆ ಹೆಂಗೆ ಇಳಿಸದು?" ಎಂದರು. "ನಾನೂ ಇಷ್ಟು ವರ್ಷ ಹೆದ್ರಿಕೊಂಡೇ ಇಳಿಸಿದ್ದು."